ಶ್ರೀಪಾದರಾಜರು: ಪೂಜೆಯ ಹಾಡು ಮತ್ತು ಹಾಡುವ ಗೋಷ್ಠಿ

1. ಪ್ರವೇಶ

ಹರಿದಾಸ ಸಾಹಿತ್ಯದ ಚರಿತ್ರೆಯನ್ನು ಬರೆದ ವಿದ್ವಾಂಸರು ಶ್ರೀಪಾದರಾಜರನ್ನು ಆ ಪರಂಪರೆಯ ಆದ್ಯರೆಂದು ಗುರುತಿಸುತ್ತ ಬಂದಿದ್ದಾರೆ. ಅವರಿಗೆ ಮೊದಲೇ, ಮಧ್ವಾಚಾರ್ಯರ ನೇರ ಶಿಷ್ಯರಾದ ನರಹರಿತೀರ್ಥರು ಕನ್ನಡದಲ್ಲಿ ಹಾಡಿದ್ದರು. ಆದರೆ ನರಹರಿತೀರ್ಥರ ಹೆಸರಿನಲ್ಲಿ ಉಳಿದಿರುವ ರಚನೆಗಳು ಬೆರಳೆಣಿಕೆಯಷ್ಟು. ಅವರ ನಂತರ ಒಂದು ಶತಮಾನಕ್ಕೂ ಮಿಕ್ಕ ಕಾಲ ಆ ದನಿ ಬಹುಮಟ್ಟಿಗೆ ಕೇಳಿಬರುವುದಿಲ್ಲ. ಶ್ರೀಪಾದರಾಜರಿಂದ ಮುಂದಕ್ಕಾದರೋ ವ್ಯಾಸರಾಯರು, ವಾದಿರಾಜರು, ಪುರಂದರದಾಸರು, ಕನಕದಾಸರು, ಬಳಿಕ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಎಂದು ಸರಪಳಿ ಮುಂದುವರಿಯುತ್ತದೆ. ಒಂದೇ ಮತದ, ಒಂದೇ ಭಾಷೆಯ ಇಬ್ಬರು ಯತಿಗಳಲ್ಲಿ ಒಬ್ಬರ ಹಾಡು ಬಿಡಿರಚನೆಯಾಗಿಯೇ ಉಳಿದು, ಇನ್ನೊಬ್ಬರ ಹಾಡು ಪರಂಪರೆಯಾಗಿ ಬೆಳೆದುದಕ್ಕೆ ಕಾರಣವೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಕಾವ್ಯಗುಣದ ನೆಲೆಯಿಂದ ಉತ್ತರ ಹೇಳುವುದುಂಟು. ಶ್ರೀಪಾದರಾಜರ ರಚನೆಗಳ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸೊಗಸೊಂದೇ ಹಾಡನ್ನು ಉಳಿಸುವುದಿಲ್ಲ. ಹಾಡು ಉಳಿಯಬೇಕಾದರೆ ಅದಕ್ಕೆ ನಿತ್ಯದಲ್ಲಿ ಒಂದು ಹೊತ್ತು ಬೇಕು, ಹಾಡುವ ಒಂದು ಸ್ಥಳ ಬೇಕು, ಕೂಲಿಯ ನಿರೀಕ್ಷೆಯಿಲ್ಲದೆ ಕಲಿತು ಹಾಡುವ ಜನ ಬೇಕು. ಈ ಮೂರನ್ನೂ ಮುಳಬಾಗಿಲಿನ ಮಠದಲ್ಲಿ ಒದಗಿಸಿಕೊಟ್ಟುದು ಶ್ರೀಪಾದರಾಜರ ಮುಖ್ಯ ಸಾಧನೆ ಎಂಬುದು ಪ್ರಸ್ತುತ ಲೇಖನದ ನಿಲುವು. ಆರಾಧನೆಯೊಳಗೆ ಜನಭಾಷೆಯ ಗೀತೆಗೆ ಎಡೆಯುಂಟೇ, ಉಂಟಾದರೆ ಅದನ್ನು ಹಾಡುವವರು ಯಾರು ಎಂಬ ಪ್ರಶ್ನೆ ಒಂದು ಮತಕ್ಕೆ ಮಾತ್ರ ಎದುರಾದುದಲ್ಲ. ಕೋಲಾರ ಸೀಮೆಯ ಕ್ರೈಸ್ತ ಸಭೆಗಳವರೆಗೂ ಅದರ ವ್ಯಾಪ್ತಿಯಿದೆ. ಆ ಕಾರಣದಿಂದಲೂ ಶ್ರೀಪಾದರಾಜರ ಜೀವನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಉಚಿತ.

2. ಜನನ, ಬಾಲ್ಯ ಮತ್ತು ಶ್ರೀರಂಗದ ವಿದ್ಯಾಭ್ಯಾಸ

ಶ್ರೀಪಾದರಾಜರ ಪೂರ್ವಾಶ್ರಮದ ಹೆಸರು ಲಕ್ಷ್ಮೀನಾರಾಯಣ. ಹುಟ್ಟಿದುದು ಚನ್ನಪಟ್ಟಣದ ಸಮೀಪದ ಅಬ್ಬೂರಿನಲ್ಲಿ. ತಂದೆ ಶೇಷಗಿರಿಯಪ್ಪ, ತಾಯಿ ಗಿರಿಯಮ್ಮ. ಸಾಂಪ್ರದಾಯಿಕ ಗಣನೆಯಂತೆ ಅವರ ಜೀವಿತಕಾಲ 1404ರಿಂದ 1502ರವರೆಗೆ. ಕೆಲವು ವಿದ್ವಾಂಸರು ಇದಕ್ಕಿಂತ ಭಿನ್ನವಾದ ವರ್ಷಗಳನ್ನು ಸೂಚಿಸಿದ್ದರೂ, ಸಾಳುವ ನರಸಿಂಹ ಮತ್ತು ವ್ಯಾಸತೀರ್ಥರೊಡನೆ ಅವರಿಗಿದ್ದ ಸಂಬಂಧದಿಂದ ಹದಿನೈದನೆಯ ಶತಮಾನವೇ ಅವರ ಕಾಲವೆಂಬುದು ಸ್ಪಷ್ಟವಾಗುತ್ತದೆ.

ಬಾಲಕ ಲಕ್ಷ್ಮೀನಾರಾಯಣ ದನ ಕಾಯುತ್ತಿದ್ದನೆಂದೂ, ಆ ದಾರಿಯಲ್ಲಿ ಪಲ್ಲಕ್ಕಿಯಲ್ಲಿ ಬರುತ್ತಿದ್ದ ಸ್ವರ್ಣವರ್ಣತೀರ್ಥರು ಅಬ್ಬೂರು ಇನ್ನೆಷ್ಟು ದೂರವೆಂದು ಅವನನ್ನು ಕೇಳಿದರೆಂದೂ ಐತಿಹ್ಯವಿದೆ. ಹುಡುಗ ನೇರವಾಗಿ ದೂರವನ್ನು ಹೇಳಲಿಲ್ಲ. ಮುಳುಗುತ್ತಿರುವ ಸೂರ್ಯನನ್ನೂ, ದನಗಳನ್ನೂ, ಚಿಕ್ಕವನಾದ ತನ್ನನ್ನೂ ನೋಡಿ ಊರು ಎಷ್ಟು ಹತ್ತಿರವಿರಬೇಕೆಂಬುದನ್ನು ಊಹಿಸಿಕೊಳ್ಳುವಂತೆ ಸೂಚಿಸಿದನು. ಈ ಜಾಣ್ಮೆಗೆ ಮೆಚ್ಚಿದ ಯತಿಗಳು ತಂದೆತಾಯಿಗಳ ಒಪ್ಪಿಗೆ ಪಡೆದು ಅವನನ್ನು ತಮ್ಮೊಡನೆ ಕರೆದೊಯ್ದರು. ಕಥೆಯ ವಿವರಗಳು ಹೇಗೇ ಇರಲಿ, ಮುಂದೆ ಪಂಡಿತರ ನಡುವೆ ಬಾಳಿದ ಈ ಯತಿಯ ಬಾಲ್ಯವನ್ನು ಸಂಪ್ರದಾಯವು ದನಗಾಹಿಗಳ ನಡುವೆ ಇರಿಸಿದೆಯೆಂಬುದು ಗಮನಾರ್ಹ. ಗೋಪಿಯರ ಮತ್ತು ಗೋಪಾಲಕರ ಬದುಕನ್ನು ವಸ್ತುವಾಗಿ ಉಳ್ಳ ಅವರ ಹಾಡುಗಳಿಗೆ ಈ ಕಥೆ ಒಪ್ಪುವ ಹಿನ್ನೆಲೆಯಾಗಿದೆ.

ಸ್ವರ್ಣವರ್ಣತೀರ್ಥರು ಮಧ್ವಶಿಷ್ಯರಾದ ಪದ್ಮನಾಭತೀರ್ಥರ ಪರಂಪರೆಗೆ ಸೇರಿದವರು. ಅವರು ನೆಲಸಿದ್ದುದು ಶ್ರೀರಂಗದಲ್ಲಿ. ಬಾಲಕನು ಅಲ್ಲಿಯೇ ಓದಿ, ಸಂನ್ಯಾಸ ಪಡೆದು ಲಕ್ಷ್ಮೀನಾರಾಯಣತೀರ್ಥನೆನಿಸಿದನು. ಮುಂದೆ ವಿಬುಧೇಂದ್ರತೀರ್ಥರಲ್ಲಿ ಉನ್ನತ ವ್ಯಾಸಂಗ ನಡೆಯಿತು. ಕೊಪ್ರ ಕ್ಷೇತ್ರದಲ್ಲಿ ವಿಬುಧೇಂದ್ರತೀರ್ಥರ ಸಮ್ಮುಖದಲ್ಲಿ ಈ ತರುಣ ಯತಿ ಮಾಡಿದ ಶಾಸ್ತ್ರಾನುವಾದವನ್ನು ಕೇಳಿ ಉತ್ತರಾದಿ ಮಠದ ರಘುನಾಥತೀರ್ಥರು ಶ್ರೀಪಾದರಾಜನೆಂಬ ಹೆಸರನ್ನು ನೀಡಿದರೆಂದು ಸಂಪ್ರದಾಯ ಹೇಳುತ್ತದೆ. ಜಯತೀರ್ಥರ ನ್ಯಾಯಸುಧೆಯನ್ನು ಕುರಿತು ಅವರು ಸಂಸ್ಕೃತದಲ್ಲಿ ಬರೆದ ವಾಗ್ವಜ್ರ ಈ ಪಾಂಡಿತ್ಯಕ್ಕೆ ಸಾಕ್ಷಿಯಾಗಿದೆ. ಕನ್ನಡದ ಹಾಡಿಗೆ ಮುಂದೆ ಅವರು ನೀಡಿದ ಮನ್ನಣೆಯನ್ನು ಸಂಸ್ಕೃತ ಬಾರದವನ ಅನಿವಾರ್ಯತೆಯೆಂದು ಯಾರೂ ತಳ್ಳಿಹಾಕುವಂತಿರಲಿಲ್ಲ. ಅದು ಎರಡನ್ನೂ ಬಲ್ಲವನೊಬ್ಬನ ಆಯ್ಕೆಯಾಗಿತ್ತು.

ಶ್ರೀರಂಗದ ವಾಸವನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದುಂಟು. ಆದರೆ ನಮ್ಮ ವಿಷಯಕ್ಕೆ ಇದು ಅತ್ಯಂತ ಮುಖ್ಯವಾದ ಘಟ್ಟ. ಶ್ರೀರಂಗದಲ್ಲಿ ಆಳ್ವಾರರ ತಮಿಳು ಪಾಶುರಗಳಿಗೆ ದೇವರ ಸನ್ನಿಧಿಯಲ್ಲೇ ಸ್ಥಾನವಿದೆ. ಉತ್ಸವಮೂರ್ತಿ ಹೊರಟಾಗ ದಿವ್ಯಪ್ರಬಂಧದ ಗೋಷ್ಠಿ ಮುಂದೆ, ವೇದಪಾರಾಯಣದ ಗೋಷ್ಠಿ ಹಿಂದೆ ಸಾಗುತ್ತವೆ. ಮಾರ್ಗಶಿರ ಮಾಸದ ಅಧ್ಯಯನೋತ್ಸವದಲ್ಲಿ ಅರೈಯರ್ ಎಂಬ ಗಾಯಕರು ತಾಳ ಹಿಡಿದು ಹಾಡಿ ಅಭಿನಯಿಸುತ್ತಾರೆ. ಹದಿನಾಲ್ಕನೆಯ ಶತಮಾನದ ದಾಳಿಗಳಿಂದ ಚದುರಿಹೋಗಿದ್ದ ಈ ವ್ಯವಸ್ಥೆ, ಉತ್ಸವಮೂರ್ತಿಯು 1371ರಲ್ಲಿ ಶ್ರೀರಂಗಕ್ಕೆ ಮರಳಿದ ಮೇಲೆ ಮತ್ತೆ ಚೇತರಿಸಿಕೊಂಡಿತು. ದಿವ್ಯಪ್ರಬಂಧದ ವ್ಯಾಖ್ಯಾನಪರಂಪರೆಗೆ ಹೊಸ ಜೀವ ತುಂಬಿದ ಮಣವಾಳ ಮಾಮುನಿಗಳು (1370-1443) ಶ್ರೀಪಾದರಾಜರ ತಾರುಣ್ಯದ ಕಾಲದಲ್ಲಿ ಇದ್ದವರು. ಮತ ಬೇರೆಯಾದರೂ ಕಣ್ಣೆದುರಿನ ನಿದರ್ಶನ ಬೇರೆಯಾಗಿರಲಿಲ್ಲ. ತಾಯ್ನುಡಿಯ ಹಾಡು ಗರ್ಭಗುಡಿಯ ಮುಂದೆ ನಿಲ್ಲಬಲ್ಲದೆಂಬುದನ್ನೂ, ಅದಕ್ಕೆ ಹಾಡುವವರ ಗೋಷ್ಠಿಯೊಂದು ಬೇಕೆಂಬುದನ್ನೂ ಶ್ರೀರಂಗವು ತೋರಿಸಿಕೊಟ್ಟಿತ್ತು.

3. ಮುಳಬಾಗಿಲು

ಶ್ರೀಪಾದರಾಜರು ನೆಲೆನಿಂತುದು ಮುಳಬಾಗಿಲಿನ ಹತ್ತಿರದ ನರಸಿಂಹತೀರ್ಥದಲ್ಲಿ. ಮುಳಬಾಗಿಲೆಂದರೆ ಮೂಡಣ ಬಾಗಿಲು ಎಂಬ ನಿರ್ವಚನ ಪ್ರಸಿದ್ಧವಾಗಿದೆ. ವಿಜಯನಗರದ ಕಾಲದಲ್ಲಿ ಇದು ಮುಳುವಾಯಿ ರಾಜ್ಯವೆಂಬ ಪ್ರಾಂತದ ಕೇಂದ್ರ. ಬುಕ್ಕರಾಯನ ಮಗ ಕುಮಾರ ಕಂಪಣನು ತಮಿಳುನಾಡಿನತ್ತ ದಂಡೆತ್ತಿ ಹೋದುದು ಈ ನೆಲೆಯಿಂದ. ಶಿವತತ್ತ್ವಚಿಂತಾಮಣಿಯ ಕರ್ತೃ, ಪ್ರೌಢದೇವರಾಯನ ಮಂತ್ರಿ ಲಕ್ಕಣ್ಣ ದಂಡೇಶನ ಅಧಿಕಾರವೂ ಈ ಸೀಮೆಯಲ್ಲಿತ್ತು. ಪಕ್ಕದ ಮಾಲೂರು ತಾಲ್ಲೂಕಿನ ಟೇಕಲ್ ಸಾಳುವ ಮನೆತನದ ಗೋಪರಾಜನ ಹೆಸರಿನೊಡನೆ ಸೇರಿಕೊಂಡಿದೆ. ಹೀಗೆ ರಾಜಕೀಯವಾಗಿ ಮಹತ್ವದ, ಶೈವ ವೈಷ್ಣವ ಸಂಪ್ರದಾಯಗಳೆರಡೂ ಬೆಳೆದ ಪರಿಸರವಿದು.

ಮಾಧ್ವರ ಪಾಲಿಗೆ ನರಸಿಂಹತೀರ್ಥಕ್ಕೆ ಇನ್ನೊಂದು ಮಹತ್ವವಿತ್ತು. ಅಕ್ಷೋಭ್ಯತೀರ್ಥರು ಇಲ್ಲಿಯ ಬಂಡೆಯ ಮೇಲೆ ಇದ್ದಿಲಿನಿಂದ ಯೋಗನರಸಿಂಹನನ್ನು ಚಿತ್ರಿಸಿದರೆಂದೂ, ವಿದ್ಯಾರಣ್ಯರೊಡನೆ ಅವರ ವಾದ ಈ ನೆರೆಯಲ್ಲಿ ನಡೆಯಿತೆಂದೂ ಸಂಪ್ರದಾಯದ ನಂಬಿಕೆ. ಸ್ಥಳದ ಪ್ರಸಿದ್ಧಿ ಹೀಗೆ ವಾದದಿಂದ ಬಂದುದು. ಅದೇ ಸ್ಥಳ ಶ್ರೀಪಾದರಾಜರ ಕಾಲದಲ್ಲಿ ಹಾಡಿನಿಂದಲೂ ಪ್ರಸಿದ್ಧವಾಯಿತು.

ಭಾಷೆಯ ದೃಷ್ಟಿಯಿಂದಲೂ ಮುಳಬಾಗಿಲಿನ ಆಯ್ಕೆ ವಿಚಾರಯೋಗ್ಯವಾಗಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಕನ್ನಡದ ಜೊತೆಗೆ ತೆಲುಗು ಮನೆಮಾತಾಗಿದೆ. ಮಾಲೂರಿನ ಅಂಚಿನಲ್ಲಿ ತಮಿಳಿನ ನೆರೆಯಿದೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ತೆಲುಗಿನ ಬಳಕೆ ಇನ್ನೂ ಹೆಚ್ಚು. ಇಂಥ ಗಡಿಸೀಮೆಯಲ್ಲಿ ಕನ್ನಡದ ಹಾಡು ಪೂಜೆಯ ಭಾಷೆಯಾಗಿ ನಿಂತಿತು. ಹರಿದಾಸ ಕೀರ್ತನೆಗಳು ಮುಂದೆ ಕನ್ನಡವನ್ನು ಮನೆಮಾತಾಗಿ ಉಳ್ಳವರನ್ನು ದಾಟಿ ಆಂಧ್ರ, ತಮಿಳುನಾಡುಗಳ ಮಾಧ್ವ ಮನೆಗಳಿಗೂ ಸಂಗೀತದ ವೇದಿಕೆಗೂ ಹಬ್ಬಿದುದನ್ನು ನೋಡಿದರೆ, ಆ ಗುಣ ಹುಟ್ಟಿದ ನೆಲದಲ್ಲೇ ಇತ್ತೆಂದು ಹೇಳಬೇಕಾಗುತ್ತದೆ. ಮಾತು ಪೂರ್ತಿ ತಿಳಿಯದವನೂ ಪಲ್ಲವಿಯನ್ನು ಹಿಡಿದು ದನಿಗೂಡಿಸಬಲ್ಲನು.

4. ಗೋಷ್ಠಿಯ ಕಟ್ಟಡ

ಪೂಜೆಯ ಹೊತ್ತಿನಲ್ಲಿ ಶ್ರೀಪಾದರಾಜರು ದೇವರ ಮುಂದೆ ಕನ್ನಡದ ಹಾಡುಗಳನ್ನು ಹಾಡುವ ಏರ್ಪಾಡು ಮಾಡಿದರೆಂಬುದು ಅವರನ್ನು ಕುರಿತ ಕಥನಗಳೆಲ್ಲ ಒತ್ತಿ ಹೇಳುವ ಸಂಗತಿ. ಮಠದಲ್ಲಿ ವಿದ್ವಾಂಸರ ಗೋಷ್ಠಿ ಒಂದು, ಭಾಗವತರ ಗೋಷ್ಠಿ ಇನ್ನೊಂದು ಎಂದು ಎರಡು ಮೇಳಗಳಿದ್ದುವೆಂದು ಸಂಪ್ರದಾಯ ತಿಳಿಸುತ್ತದೆ. ಮೊದಲನೆಯದರದು ವೇದ, ಶಾಸ್ತ್ರಗ್ರಂಥಗಳ ಪಾರಾಯಣ ಮತ್ತು ಪಾಠ. ಎರಡನೆಯದರದು ತಾಳ, ತಂಬೂರಿ, ಗೆಜ್ಜೆಗಳೊಡನೆ ಹಾಡು ಮತ್ತು ನರ್ತನ. ಪಂಡಿತರು ಕೆಲವರು ಇದಕ್ಕೆ ಅಡ್ಡಿ ಹೇಳಿದರೆಂದೂ, ದೇವರ ಎದುರು ಪ್ರಾಕೃತಭಾಷೆ ಸಲ್ಲದೆಂಬ ಆಕ್ಷೇಪ ಬಂದಿತೆಂದೂ ಕಥೆಗಳಿವೆ. ಈ ಆಕ್ಷೇಪಕ್ಕೆ ಶ್ರೀಪಾದರಾಜರು ಗ್ರಂಥರೂಪದ ಉತ್ತರ ಬರೆಯಲಿಲ್ಲ. ಹಾಡುವುದನ್ನು ನಿತ್ಯದ ರೂಢಿಯಾಗಿಸಿದುದೇ ಅವರ ಉತ್ತರವಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ವಿಜಯನಗರ ಕಾಲದ ದೊಡ್ಡ ದೇವಾಲಯಗಳಲ್ಲಿ ಸಂಗೀತಸೇವೆಗೆ ವೃತ್ತಿಯ ಜನರಿದ್ದರು. ವಾದ್ಯಗಾರರು, ನರ್ತಕಿಯರು, ಪಾಠಕರು ಮುಂತಾದವರಿಗೆ ಭೂಮಿ, ಧಾನ್ಯ, ಪ್ರಸಾದಗಳ ಪಾಲು ಗೊತ್ತುಮಾಡಿದ್ದನ್ನು ಶಾಸನಗಳು ಹೇಳುತ್ತವೆ. ಶ್ರೀರಂಗದ ಅರೈಯರೂ ವಂಶಪಾರಂಪರ್ಯದ ಹಕ್ಕುದಾರರು. ಭಾಗವತರ ಗೋಷ್ಠಿಯ ಸ್ವರೂಪ ಬೇರೆ. ಅಲ್ಲಿ ಹಾಡುವುದು ಸಾಧನೆ. ಹಾಡುವವನು ಶಿಷ್ಯ ಅಥವಾ ಭಕ್ತ. ಸೇರಲು ವಂಶದ ಹಕ್ಕು ಬೇಕಿಲ್ಲ, ಬಿಟ್ಟುಹೋದರೆ ಕಳೆದುಕೊಳ್ಳುವ ಮಾನ್ಯವೂ ಇಲ್ಲ. ದಾಸನೆಂಬ ಹೆಸರೇ ಈ ಮನೋಭಾವವನ್ನು ಸೂಚಿಸುತ್ತದೆ. ಇಂದು ಸ್ವಯಂಸೇವೆಯೆಂದು ನಾವು ಕರೆಯುವುದರ ಒಂದು ಹಳೆಯ ರೂಪ ಇದು.

ಇಂಥ ಗೋಷ್ಠಿಯನ್ನು ಕಟ್ಟುವುದು ಸುಲಭದ ಕೆಲಸವಲ್ಲ. ಸಂಬಳದ ಗಾಯಕನಿಗೆ ಕಲಿಕೆ ವೃತ್ತಿಯ ಭಾಗ. ಸೇವೆಯ ಗಾಯಕನಲ್ಲಿ ಕಲಿಕೆ, ಕಂಠ, ನೆನಪು, ಬಿಡುವು ಎಲ್ಲವೂ ಒಂದೇ ಸಮನಾಗಿರುವುದಿಲ್ಲ. ಇಬ್ಬರು ಚೆನ್ನಾಗಿ ಹಾಡಬಲ್ಲರು, ಹತ್ತು ಮಂದಿ ತಾಳ ತಪ್ಪದೆ ಹಿಂಬಾಲಿಸಬಲ್ಲರು, ಉಳಿದವರು ಪಲ್ಲವಿಯನ್ನು ಮಾತ್ರ ಹಿಡಿಯಬಲ್ಲರು. ಎಲ್ಲರಿಗೂ ಕೆಲಸ ಕೊಡುವ, ಯಾರನ್ನೂ ಹೊರಗಿಡದ ವ್ಯವಸ್ಥೆ ಬೇಕು. ಈ ವ್ಯವಸ್ಥೆಯ ಕುರುಹುಗಳನ್ನು ಶ್ರೀಪಾದರಾಜರ ರಚನೆಗಳ ರೂಪದಲ್ಲೇ ಕಾಣಬಹುದೆಂದು ನನ್ನ ತಿಳಿವಳಿಕೆ.

ರಂಗವಿಠಲ ಅಂಕಿತದಲ್ಲಿ ದೊರೆತಿರುವ ರಚನೆಗಳಲ್ಲಿ ಹಲವು ಪ್ರಕಾರಗಳಿವೆ. ಉಗಾಭೋಗ ತಾಳದ ಕಟ್ಟಿಲ್ಲದೆ ಒಬ್ಬನೇ ರಾಗವನ್ನು ಹರಿಯಬಿಟ್ಟು ಹಾಡುವಂಥದು. ಅದು ಗೋಷ್ಠಿಯ ಮುಂದಾಳಿಗೆ ಮೀಸಲು. ಅವನು ಮನಸ್ಸನ್ನು ಒಂದೆಡೆಗೆ ತರುತ್ತಾನೆ, ಶ್ರುತಿಯನ್ನು ನೆಲೆಗೊಳಿಸುತ್ತಾನೆ. ಸುಳಾದಿ ಬೇರೆ ಬೇರೆ ತಾಳಗಳ ಮಾಲೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ನಡೆಯುವ ಅದು ಪಳಗಿದವರಿಂದ ಮಾತ್ರ ಸಾಧ್ಯ. ಕೀರ್ತನೆಯಲ್ಲಿ ಪಲ್ಲವಿ ಎಲ್ಲರದು, ನುಡಿಗಳು ಮುಂದಾಳಿನವು. ಒಂದು ನುಡಿ ಮುಗಿದೊಡನೆ ಗೋಷ್ಠಿ ಪಲ್ಲವಿಗೆ ಮರಳುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ ಬಂದಾಗ ಹಾಡು ಮುಗಿಯಿತೆಂಬುದು ಹೊಸಬನಿಗೂ ತಿಳಿಯುತ್ತದೆ. ಅಂಕಿತವನ್ನು ಕರ್ತೃತ್ವದ ಗುರುತಾಗಿ ಮಾತ್ರ ನೋಡುವ ನಮಗೆ ಅದರ ಈ ಬಳಕೆಯ ಪ್ರಯೋಜನ ಮರೆತುಹೋಗುತ್ತದೆ.

ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳು ಭಾಗವತದ ದಶಮಸ್ಕಂಧವನ್ನು ಆಧರಿಸಿದವು. ಪಂಡಿತರು ಮೂಲ ಶ್ಲೋಕಗಳಲ್ಲಿ ಓದುತ್ತಿದ್ದ ಸಂದರ್ಭಗಳನ್ನೇ ಭಾಗವತರ ಗೋಷ್ಠಿ ಕನ್ನಡದಲ್ಲಿ ಹಾಡುವಂತಾಯಿತು. ಒಂದೇ ಮಠದ ಎರಡು ಗೋಷ್ಠಿಗಳಿಗೆ ವಸ್ತು ಒಂದೇ ಆದುದರಿಂದ ಅವು ಪರಸ್ಪರ ಎದುರಾಳಿಗಳಾಗದೆ ಜೊತೆಗೂಡಲು ಸಾಧ್ಯವಾಯಿತು. ಮಧ್ವನಾಮವು ಹನುಮ, ಭೀಮ, ಮಧ್ವರೆಂಬ ಮೂರು ಅವತಾರಗಳನ್ನು ಕೊಂಡಾಡುವ ದೀರ್ಘ ಕೃತಿ. ಅದು ನಿತ್ಯಪಾರಾಯಣದ ಹಾಡಾಗಿ ಮಾಧ್ವ ಮನೆಗಳನ್ನು ಸೇರಿತು. ಶತಮಾನಗಳ ಅನಂತರ ಜಗನ್ನಾಥದಾಸರು ಅದಕ್ಕೆ ಫಲಸ್ತುತಿಯನ್ನು ರಚಿಸಿ ಸೇರಿಸಿದರು. ಲಕ್ಷ್ಮೀನರಸಿಂಹ ಪ್ರಾದುರ್ಭಾವ ದಂಡಕದಲ್ಲಿ ಗದ್ಯದ ಓಟವಿದೆ. ಹೀಗೆ ಒಬ್ಬಂಟಿಯ ಆಲಾಪನೆಯಿಂದ ಎಲ್ಲರ ಪಲ್ಲವಿಯವರೆಗೆ, ಪಳಗಿದವರ ಸುಳಾದಿಯಿಂದ ಮನೆಯ ನಿತ್ಯಪಾರಾಯಣದವರೆಗೆ ಈ ರಚನೆಗಳು ಹಂಚಿಕೊಂಡಿವೆ. ಕವಿಯೊಬ್ಬನು ಪ್ರಕಾರವೈವಿಧ್ಯಕ್ಕಾಗಿ ಮಾತ್ರ ಇಷ್ಟನ್ನೂ ಬರೆದನೆನ್ನುವುದಕ್ಕಿಂತ, ನಾನಾ ಶಕ್ತಿಯ ಹಾಡುಗಾರರನ್ನು ಎದುರಿಗಿಟ್ಟುಕೊಂಡು ಬರೆದನೆಂಬ ವಿವರಣೆ ಹೆಚ್ಚು ಒಪ್ಪುವಂತಿದೆ.

ಈ ರಚನೆಗಳು ಮೂಲದಲ್ಲಿ ಯಾವ ಮಟ್ಟಿನಲ್ಲಿದ್ದುವೆಂಬುದು ಉಳಿದುಬಂದಿಲ್ಲ. ಇಂದು ಒಂದೇ ಪದವನ್ನು ಬೇರೆ ಬೇರೆ ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ಇದನ್ನು ನಷ್ಟವೆಂದು ಎಣಿಸುವವರುಂಟು. ಗೋಷ್ಠಿಯ ದೃಷ್ಟಿಯಿಂದ ನೋಡಿದರೆ ಇದಕ್ಕೆ ಇನ್ನೊಂದು ಮುಖವಿದೆ. ಮಟ್ಟು ಬದಲಾದರೂ ಪದ ಉಳಿಯುವಂತಿದ್ದುದರಿಂದಲೇ ಆ ಊರಿನ, ಆ ತಲೆಮಾರಿನ ಹಾಡುಗಾರರು ಅದನ್ನು ತಮ್ಮ ಕಂಠಕ್ಕೆ ಹೊಂದಿಸಿಕೊಂಡರು. ವಿಶೇಷವಾಗಿ ಹೆಂಗಸರ ಬಾಯಿಪಾಠದಲ್ಲಿ ಗೋಪಿಯರ ಹಾಡುಗಳು ಬಾಳಿದುದು ಹೀಗೆ. ಆಧುನಿಕ ಸಂಪಾದಕರು ಈ ಕೃತಿಗಳನ್ನು ಸಂಗ್ರಹಿಸುವಾಗ ಹಸ್ತಪ್ರತಿಗಳಷ್ಟೇ ಬಾಯಿಪಾಠವನ್ನೂ ಆಶ್ರಯಿಸಬೇಕಾಯಿತೆಂಬುದು ಪರಂಪರೆಯ ನಿಜವಾದ ಸಂರಕ್ಷಕರು ಯಾರೆಂಬುದನ್ನು ತೋರಿಸುತ್ತದೆ.

5. ರಂಗ ಮತ್ತು ವಿಠಲ

ಶ್ರೀಪಾದರಾಜರು ಪಂಢರಪುರಕ್ಕೆ ಯಾತ್ರೆ ಹೋದಾಗ ಭೀಮಾತೀರದಲ್ಲಿ ನೆಲದಲ್ಲಿ ಹುದುಗಿದ್ದ ಎರಡು ಪೆಟ್ಟಿಗೆಗಳು ದೊರೆತುವೆಂದೂ, ಒಂದರಲ್ಲಿ ರಂಗವಿಠಲನ ಮೂರ್ತಿಯಿದ್ದಿತೆಂದೂ ಐತಿಹ್ಯವಿದೆ. ಅವರ ಅಂಕಿತ ಅಲ್ಲಿಂದ ಬಂದುದು. ಅಂಕಿತದಲ್ಲಿರುವ ರಂಗ ಶ್ರೀರಂಗದ ದೇವರು, ವಿಠಲ ಪಂಢರಪುರದ ದೇವರು. ತಮಿಳು ಪಾಶುರದ ಕ್ಷೇತ್ರ ಒಂದು, ಮರಾಠಿ ಅಭಂಗದ ಕ್ಷೇತ್ರ ಇನ್ನೊಂದು. ಜನಭಾಷೆಯ ಹಾಡಿಗೆ ದೇವರ ಮುಂದೆ ಎಡೆಕೊಟ್ಟ ಎರಡು ಕ್ಷೇತ್ರಗಳ ಹೆಸರುಗಳು ಈ ಕನ್ನಡ ಅಂಕಿತದಲ್ಲಿ ಕೂಡಿಕೊಂಡಿರುವುದು ಅರ್ಥಪೂರ್ಣವಾಗಿದೆ. ಕನ್ನಡದೊಳಗೆ ಹನ್ನೆರಡನೆಯ ಶತಮಾನದ ಶರಣರು ದೇವರೊಡನೆ ತಾಯ್ನುಡಿಯಲ್ಲೇ ಮಾತಾಡಿದ್ದರೆಂಬ ಹಿನ್ನೆಲೆಯೂ ಇದಕ್ಕಿತ್ತು.

ಎರಡನೆಯ ಪೆಟ್ಟಿಗೆಯ ಕಥೆ ವ್ಯಾಸರಾಯರಿಗೆ ಸಂಬಂಧಿಸಿದುದು. ಶ್ರೀಪಾದರಾಜರಿಂದ ತೆರೆಯಲಾಗದ ಆ ಪೆಟ್ಟಿಗೆಯನ್ನು ಅವರಿಲ್ಲದ ಒಂದು ದಿನ ಶಿಷ್ಯರಾದ ವ್ಯಾಸರಾಯರು ತೆರೆದರು. ಒಳಗೆ ಕೊಳಲೂದುವ ಕೃಷ್ಣನನ್ನು ಕಂಡು ಮೈಮರೆತು, ಕೈಗೆ ಸಿಕ್ಕ ಸಾಲಿಗ್ರಾಮಗಳನ್ನೇ ತಾಳವಾಗಿ ಹಿಡಿದು ಹಾಡುತ್ತ ಕುಣಿದರೆಂದು ಹೇಳಲಾಗುತ್ತದೆ. ಗುರು ಮರಳಿ ಬಂದು ಇದನ್ನು ಕಂಡು ಸಿಟ್ಟಾಗಲಿಲ್ಲ. ಆ ಮೂರ್ತಿಯನ್ನು ಶಿಷ್ಯನಿಗೇ ಕೊಟ್ಟರು. ಈ ಕಥೆಯನ್ನು ಪವಾಡವಾಗಿ ಓದುವುದು ಒಂದು ಬಗೆ. ಪೂಜಾವಸ್ತುವೇ ವಾದ್ಯವಾದ, ಪೂಜೆಯೂ ಹಾಡೂ ಒಂದೇ ಆದ ಮಠವೊಂದರ ನೆನಪಾಗಿ ಓದುವುದು ಇನ್ನೊಂದು ಬಗೆ. ತನಗೆ ಆಗದುದನ್ನು ಶಿಷ್ಯನು ಸಾಧಿಸಿದಾಗ ಅವನಿಗೆ ದಾರಿ ಬಿಟ್ಟುಕೊಡುವ ಗುರುವಿನ ಚಿತ್ರವೂ ಇಲ್ಲಿದೆ. ಗೋಷ್ಠಿಯನ್ನು ಕಟ್ಟಿದವನಿಗೆ ಈ ಗುಣ ಇಲ್ಲದಿದ್ದರೆ ಅದು ಅವನೊಡನೆ ಮುಗಿದುಹೋಗುತ್ತದೆ.

ವ್ಯಾಸತೀರ್ಥರ ಗುರು ಬ್ರಹ್ಮಣ್ಯತೀರ್ಥರು ಶ್ರೀಪಾದರಾಜರ ಬಂಧುವರ್ಗದವರೆಂದು ಹೇಳುತ್ತಾರೆ. ವ್ಯಾಸತೀರ್ಥರು ಮುಳಬಾಗಿಲಿಗೆ ಬಂದು ಲಕ್ಷ್ಮೀನಾರಾಯಣ ಯೋಗಿಗಳಲ್ಲಿ ಓದಿದುದನ್ನೂ, ಅವರ ಸೂಚನೆಯಂತೆ ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದುದನ್ನೂ ಸೋಮನಾಥ ಕವಿಯ ವ್ಯಾಸಯೋಗಿಚರಿತ ಎಂಬ ಸಂಸ್ಕೃತ ಚಂಪೂಕಾವ್ಯ ವರ್ಣಿಸುತ್ತದೆ. ಸಾಳುವ ನರಸಿಂಹನು (ಆಳ್ವಿಕೆ 1485-1491) ಶ್ರೀಪಾದರಾಜರನ್ನು ಸಿಂಹಾಸನದಲ್ಲಿ ಕುಳ್ಳಿರಿಸಿ ರತ್ನಾಭಿಷೇಕ ಮಾಡಿದನೆಂಬ ಐತಿಹ್ಯವೂ ಪ್ರಚಲಿತವಾಗಿದೆ. ರಾಜಗೌರವ ದೊರೆತರೂ ಶ್ರೀಪಾದರಾಜರು ಮುಳಬಾಗಿಲನ್ನು ಬಿಡಲಿಲ್ಲ. ರಾಜಧಾನಿಗೆ ಹೋದವರು ಶಿಷ್ಯರು. ಅವರೊಡನೆ ಹಾಡಿನ ಪದ್ಧತಿಯೂ ಹೋಯಿತು. ವ್ಯಾಸರಾಯರ ಸುತ್ತ ವ್ಯಾಸಕೂಟ, ದಾಸಕೂಟಗಳೆಂಬ ಎರಡು ವಲಯಗಳು ಕಾಣಿಸಿಕೊಂಡುದನ್ನು ಮುಳಬಾಗಿಲಿನ ಎರಡು ಗೋಷ್ಠಿಗಳ ವಿಸ್ತರಣೆಯೆಂದೇ ತಿಳಿಯಬಹುದು.

ಆದರೆ ಈ ಬೆಳವಣಿಗೆಯ ಮಿತಿಯನ್ನೂ ಹೇಳಬೇಕು. ಶ್ರೀಪಾದರಾಜರ ಗೋಷ್ಠಿ ಭಾಷೆಯ ಬಾಗಿಲನ್ನು ತೆರೆಯಿತು; ಜಾತಿಯ ಬಾಗಿಲು ಅಷ್ಟು ಬೇಗ ತೆರೆಯಲಿಲ್ಲ. ಹಾಡು ನಡೆದುದು ಮಠದ ಆವರಣದೊಳಗೆ. ಕಾಗಿನೆಲೆಯ ಕನಕದಾಸರು ವ್ಯಾಸರಾಯರ ಬಳಿ ಬಂದಾಗ ಸುತ್ತಲಿನ ಪಂಡಿತರಿಂದ ಅವರು ಎದುರಿಸಬೇಕಾದ ವಿರೋಧ ಇದಕ್ಕೆ ಸಾಕ್ಷಿ. ಕನ್ನಡ ಹಾಡಬಹುದೆಂದು ಒಪ್ಪಿಕೊಂಡ ಮೇಲೆ ಕನ್ನಡ ಬಲ್ಲವರೆಲ್ಲರೂ ಹಾಡಬಹುದೇ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಶ್ರೀಪಾದರಾಜರ ಕಾಲದಲ್ಲಿ ಅದು ಪೂರ್ಣವಾಗಿ ಎದ್ದಿರಲಿಲ್ಲ. ಮುಂದಿನ ತಲೆಮಾರಿನಲ್ಲಿ ಅದು ಏಳುವುದಕ್ಕೆ ಅವರ ಏರ್ಪಾಡು ದಾರಿಮಾಡಿತು ಎನ್ನುವುದು ನ್ಯಾಯವಾದ ಮಾತು.

6. ಬೇರೆ ಆರಾಧನೆಗಳ ನೆರೆಯಲ್ಲಿ

ಶ್ರೀಪಾದರಾಜರ ಅನಂತರದ ತಲೆಮಾರಿನಲ್ಲಿ, ಮುಳಬಾಗಿಲಿಗೆ ಯಾವ ಸಂಬಂಧವೂ ಇಲ್ಲದ ಜರ್ಮನಿಯಲ್ಲಿ ಇದೇ ಪ್ರಶ್ನೆ ಎದ್ದಿತು. ಲ್ಯಾಟಿನ್ ಪೂಜಾವಿಧಿಯ ನಡುವೆ ಜನರ ಭಾಷೆಯ ಗೀತೆಗೆ ಮಾರ್ಟಿನ್ ಲೂಥರನು ಸ್ಥಾನ ಕಲ್ಪಿಸಿದನು. ಯೋಹಾನ್ ವಾಲ್ಟರನು ಗಾಯಕವೃಂದಕ್ಕೆಂದು ಸಂಯೋಜಿಸಿದ ಗೀತಸಂಪುಟ ಲೂಥರನ ಮುನ್ನುಡಿಯೊಡನೆ 1524ರಲ್ಲಿ ಪ್ರಕಟವಾಯಿತು. ಕಲಿತ ವೃಂದವೊಂದು ಮೊದಲು ಹಾಡಿ, ಸಭೆಯೆಲ್ಲ ಅದನ್ನು ಕೇಳುತ್ತ ಕಲಿಯುವ ಕ್ರಮ ಅಲ್ಲಿಯೂ ಬೆಳೆಯಿತು. ಎರಡು ಕಡೆಯೂ ಶಾಸ್ತ್ರಭಾಷೆಯಲ್ಲಿ ಪಂಡಿತನಾದವನೇ ಜನಭಾಷೆಯ ಹಾಡಿಗೆ ಮುಂದಾದುದು ಹೋಲಿಕೆಗೆ ಒದಗುವ ಅಂಶ. ಮುಳಬಾಗಿಲಿನಲ್ಲಿ ಮುದ್ರಣವಿರಲಿಲ್ಲ, ಹಾಡು ಬಾಯಿಂದ ಬಾಯಿಗೆ ಸಾಗಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನ್ನುಗಳು ಕನ್ನಡ ನಾಡಿನಲ್ಲಿ ನೆಲಸಿದಾಗ ಆ ಎರಡು ಧಾರೆಗಳು ಎದುರುಬದುರಾದುವು. ಪಾಶ್ಚಾತ್ಯ ಮಟ್ಟಿಗೆ ಕನ್ನಡದ ಮಾತುಗಳನ್ನು ಹೊಂದಿಸಿದ ಗೀತೆಗಳು ಒಂದು ಕಡೆ, ಈ ನಾಡಿನ ಛಂದಸ್ಸು ಮತ್ತು ಕೀರ್ತನೆಯ ರೂಪ ಇನ್ನೊಂದು ಕಡೆ. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774-1864) ತಮಿಳಿನಲ್ಲಿ ಕರ್ನಾಟಕ ಸಂಗೀತದ ಕೀರ್ತನೆಯ ರೂಪವನ್ನೇ ಕ್ರೈಸ್ತ ಆರಾಧನೆಗೆ ತಂದರು. ಕನ್ನಡದಲ್ಲಿ ಫರ್ಡಿನಾಂಡ್ ಕಿಟ್ಟೆಲರು ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ಕಥಾಮಾಲೆಯನ್ನು 1862ರಲ್ಲಿ ಹೊರತಂದರು. ಕನ್ನಡ ಕ್ರೈಸ್ತ ಸಭೆಗಳಲ್ಲಿ ಪಾಶ್ಚಾತ್ಯ ಮಟ್ಟಿನ ಗೀತೆಗಳ ಜೊತೆಗೆ ಭಜನೆ, ಕೀರ್ತನೆಗಳ ಧಾಟಿಯ ಹಾಡುಗಳೂ ಬಳಕೆಗೆ ಬಂದುವು. ಹಾಡುವವರು ಸಭೆಯ ಸ್ವಯಂಸೇವಕರು. ಒಬ್ಬನು ಎತ್ತಿಕೊಡುತ್ತಾನೆ, ಉಳಿದವರು ದನಿಗೂಡಿಸುತ್ತಾರೆ. ಕನ್ನಡದಲ್ಲಿ ಆರಾಧನಾಗೀತೆಯ ಭಾಷೆಯನ್ನೂ ಪಲ್ಲವಿ ನುಡಿಗಳ ಈ ಹಂಚಿಕೆಯನ್ನೂ ಜನರ ಕಿವಿಗೆ ಒಗ್ಗಿಸಿದವರಲ್ಲಿ ಹರಿದಾಸರು ಮುಖ್ಯರು.

ಕೋಲಾರ ಸೀಮೆಯಲ್ಲಿ ಹಾಡಿನ ಗೋಷ್ಠಿ ಬೇರೆ ಬೇರೆ ರೂಪಗಳಲ್ಲಿ ಬಾಳಿದೆ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಕೈವಾರದ ನಾರಾಯಣಪ್ಪನವರ ತೆಲುಗು, ಕನ್ನಡ ತತ್ತ್ವಪದಗಳು, ಹಳ್ಳಿಗಳ ಭಜನೆಮನೆಗಳು, ಪಟ್ಟಣಗಳ ಮಹಿಳಾ ಭಜನಾಮಂಡಳಿಗಳು ಇದಕ್ಕೆ ನಿದರ್ಶನ. ಇವೆಲ್ಲವೂ ಶ್ರೀಪಾದರಾಜರಿಂದಲೇ ಹೊರಟವೆಂದು ಹೇಳುವುದು ಅತಿಶಯವಾದೀತು. ಸಂಬಳವಿಲ್ಲದ ಹಾಡುಗಾರರು ನಿಯತವಾದ ಹೊತ್ತಿಗೆ ಸೇರಿ, ಕೂಡಿ ಹಾಡುವುದನ್ನು ಆರಾಧನೆಯೆಂದೇ ತಿಳಿಯುವ ಪದ್ಧತಿಗೆ ಈ ನೆಲದಲ್ಲಿ ದೀರ್ಘ ಚರಿತ್ರೆಯಿದೆಯೆಂದಷ್ಟೇ ಇಲ್ಲಿ ಹೇಳಬೇಕಾದುದು.

7. ಉಪಸಂಹಾರ

ಮುಪ್ಪಿನಲ್ಲಿ ಗಂಗಾಯಾತ್ರೆ ಮಾಡಲಾಗದ ಶ್ರೀಪಾದರಾಜರಿಗಾಗಿ ನರಸಿಂಹತೀರ್ಥಕ್ಕೆ ಗಂಗೆಯೇ ಬಂದಳೆಂದು ಸ್ಥಳಪುರಾಣ ಹೇಳುತ್ತದೆ. ಅಲ್ಲಿಯೇ ಅವರ ವೃಂದಾವನವಿದೆ. ಪದ್ಮನಾಭತೀರ್ಥರ ಪರಂಪರೆಯ ಆ ಮಠ ಅವರ ಹೆಸರಿನಿಂದಲೇ ಶ್ರೀಪಾದರಾಜ ಮಠವೆಂದು ಪ್ರಸಿದ್ಧವಾಗಿದೆ. ಅವರ ಅನಂತರ ಪೀಠಕ್ಕೆ ಬಂದವರು ಹಯಗ್ರೀವತೀರ್ಥರು. ಜ್ಯೇಷ್ಠ ಶುದ್ಧ ಚತುರ್ದಶಿಯಂದು ನಡೆಯುವ ಆರಾಧನೆಯಲ್ಲಿ ಶಾಸ್ತ್ರಪಾಠದ ಜೊತೆಗೆ ದಾಸರ ಪದಗಳ ಗಾಯನವೂ ನಡೆಯುತ್ತದೆ.

ಶ್ರೀಪಾದರಾಜರ ಕನ್ನಡ ಕೃತಿಗಳ ಸಂಖ್ಯೆ ಪುರಂದರದಾಸರಿಗೆ ಹೋಲಿಸಿದರೆ ಕಡಮೆ. ಕಾವ್ಯಸಿದ್ಧಿಯಲ್ಲಿ ಅವರನ್ನು ಮೀರಿಸಿದ ದಾಸರು ಮುಂದೆ ಬಂದರು. ಆದರೆ ಹಾಡಿಗೆ ಪೂಜೆಯೊಳಗೆ ಒಂದು ಹೊತ್ತನ್ನು, 'ಭಾಗವತ' ಎಂಬ ಹೆಸರಿನಲ್ಲಿ ಹಾಡುವವನಿಗೆ ಪಂಡಿತನ ಪಕ್ಕದಲ್ಲಿ ಒಂದು ಸ್ಥಾನವನ್ನು ದೊರಕಿಸಿಕೊಟ್ಟವರು ಅವರು. ಹರಿದಾಸ ಸಾಹಿತ್ಯದ ಅಧ್ಯಯನ ಇದುವರೆಗೆ ಕರ್ತೃ, ಕಾಲ, ಅಂಕಿತ, ಪಾಠಶೋಧನೆಗಳಿಗೆ ಹೆಚ್ಚಿನ ಗಮನ ಕೊಟ್ಟಿದೆ. ಹಾಡಿದವರ ಗೋಷ್ಠಿಗಳನ್ನು, ಅವು ಕಲಿತ ಮತ್ತು ಕಲಿಸಿದ ರೀತಿಯನ್ನು, ರಚನೆಯ ರೂಪದ ಮೇಲೆ ಅವು ಬೀರಿದ ಪ್ರಭಾವವನ್ನು ಅಷ್ಟೇ ಶ್ರದ್ಧೆಯಿಂದ ಪರಿಶೀಲಿಸುವ ಕೆಲಸ ನಡೆಯಬೇಕಾಗಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಇಂದಿಗೂ ಹಾಡುತ್ತಿರುವ ಭಜನಾಮಂಡಳಿಗಳನ್ನೂ ಕ್ರೈಸ್ತ ಸಭೆಗಳ ಗಾಯಕವೃಂದಗಳನ್ನೂ ಒಟ್ಟಿಗೆ ಇರಿಸಿ ನಡೆಸುವ ಕ್ಷೇತ್ರಕಾರ್ಯ ಈ ಅಧ್ಯಯನಕ್ಕೆ ಉತ್ತಮ ಆರಂಭವಾಗಬಲ್ಲದು.